ಪಾಕೀಟಿನ ಮೇಲಿನ ನಂಬರಿಗೆ ಫೋನ್ ಮಾಡಿ ನೋಡಿದೆ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಕೆಲಸ. ಕಾಟಾದ ಕ್ಲಾರ್ಕು. ಕಬ್ಬಿನ ಟ್ರ್ಯಾಕ್ಟರ್ ಒಳಗೆ ಬರುವಾಗ ತುಂಬಿದ ತೂಕ, ಹೊರಗೆ ಹೋಗುವಾಗ ಖಾಲಿ ತೂಕ. ಅದರಲ್ಲಿ ಇದನ್ನು ಕಳೆದರೆ ರೈತನ ದುಡ್ಡು. ಹತ್ತು ಕಿಲೋ ಆಚೆ ಈಚೆ ಆದರೂ ಕಿಟಕಿ ಹತ್ತಿರ ಜಗಳ ಗ್ಯಾರಂಟಿ. ಇಂಥ ಕೆಲಸ ಮಾಡುವ ನಾನು ಹದಿನೆಂಟು ವರ್ಷ ತಂಬಾಕು ತಿಕ್ಕಿದೆ. ದಿನಕ್ಕೆ ಎಷ್ಟು ಸಲ ಅಂತ ಒಂದು ದಿನವೂ ಎಣಿಸಿರಲಿಲ್ಲ.

ಈಗ ಬಿಟ್ಟು 128 ದಿನ ಆಯಿತು. ನಡುವೆ ಒಂದು ರಾತ್ರಿ ಎಡವಿದ್ದೇನೆ, ಅದನ್ನೂ ಹೇಳುತ್ತೇನೆ. ಬಿಡಲು ನಾನು ಬಳಸಿದ್ದು ಎರಡೇ. ಒಂದು, ತಂಬಾಕು ಪಾಕೀಟಿನ ಮೇಲೆಯೇ ಅಚ್ಚಾಗಿರುವ, ಬಿಡುವವರಿಗೆ ನೆರವಾಗುವ 1800-11-2356 ನಂಬರು. ಇನ್ನೊಂದು, ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್. ಮೊಬೈಲ್, ಮಿಕ್ಸರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇದರ ಬಗ್ಗೆ ನಮ್ಮ ಕಡೆಯವರು ಯಾರೂ ಬರೆದಿದ್ದು ನನಗೆ ಕಾಣಲಿಲ್ಲ, ಅದಕ್ಕೇ ಕೂತೆ.

ನಂಬರಿಗೆ ಫೋನ್ ಮಾಡಿದ್ದು ಬಿಡಬೇಕು ಅಂತ ಅಲ್ಲ. ಪಂಥ ಕಟ್ಟಿ. ಆಗಸ್ಟ್ ತಿಂಗಳು, ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಮಿಲ್ಲಿನಲ್ಲಿ ರಿಪೇರಿ ಕೆಲಸ ನಡೆದಿತ್ತು, ಕಾಟಾ ಖೋಲಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆವು. ಅದಕ್ಕೆ ಎರಡು ದಿನ ಮೊದಲು ಹಲ್ಲಿನ ಡಾಕ್ಟರ್ ಒಬ್ಬರು ನನ್ನ ಕೆಳತುಟಿ ಮಗುಚಿ ನೋಡಿ, ‘ತಂಬಾಕು ಇಡೋ ಜಾಗ ಬೆಳ್ಳಗಾಗೈತಿ, ಬಿಟ್ಟಬಿಡ್ರಿ’ ಅಂದಿದ್ದರು. ಹೆಂಗೆ ಬಿಡೋದು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಲ್ಲು ಕಿತ್ತಿದ್ದಕ್ಕೆ ದುಡ್ಡು ಕೊಟ್ಟು ಬಂದಿದ್ದೆ. ಅವತ್ತು ಪಾಕೀಟು ತಿರುವಿ ನೋಡುತ್ತಿದ್ದಾಗ ನಂಬರು ಕಣ್ಣಿಗೆ ಬಿತ್ತು.

‘ಅದೇನ್ ಹತ್ತತೈತಿ ಬಿಡಪಾ, ಸುಮ್ನ ಛಾಪಿಸಿರ್ತಾರ’ ಅಂದ ನಮ್ಮ ಫಿಟ್ಟರ್.

‘ಹತ್ತಿದ್ರ?’

‘ಹತ್ತಿದ್ರ ಇವತ್ತಿನ ಚಾ, ಗಿರಮಿಟ್ಟು ನಂದು.’

ಫೋನು ಹತ್ತಿತು. ದುಡ್ಡೂ ಹೋಗಲಿಲ್ಲ, ಅದು ಟೋಲ್ ಫ್ರೀ. ಭಾಷೆ ಆರಿಸಿಕೊಂಡ ಮೇಲೆ ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬೆಂಗಳೂರು ಕಡೆಯ ಕನ್ನಡದಲ್ಲಿ ಮಾತಾಡಿದರು. ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ 2016ರಲ್ಲಿ ಶುರುವಾದ ಸೇವೆ ಇದು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಮಾಡಿದರು, ಹಾಗಾಗಿ ಕನ್ನಡದವರು ಸಿಗುತ್ತಾರೆ. ಫಿಟ್ಟರ್ ಮುಖ ನೋಡಬೇಕಿತ್ತು. ಗಿರಮಿಟ್ಟಿನ ದುಡ್ಡು ಹೋಯಿತಲ್ಲ!

ಸುಮ್ನೆ ಇಟ್ಟುಬಿಡೋಣ ಅಂದುಕೊಂಡಿದ್ದೆ. ಆದರೆ ಆ ತಂಗಿ ಬೈಯಲಿಲ್ಲ, ಕ್ಯಾನ್ಸರ್ ಅಂತ ಹೆದರಿಸಲಿಲ್ಲ. ಸೀದಾ ಪ್ರಶ್ನೆ ಕೇಳಿದರು.

‘ಸರ್, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಾಕ್ಕೋತೀರಾ?’

ಎದ್ದ ಕೂಡಲೇ. ಚಹಾಕ್ಕೂ ಮೊದಲು. ಇಲ್ಲದಿದ್ದರೆ ಸಂಡಾಸಿಗೆ ಹೋಗಲು ಆಗುವುದಿಲ್ಲ. ಇದನ್ನು ಒಬ್ಬ ಹೆಣ್ಣುಮಗಳಿಗೆ ಹೇಳಲು ನಾಚಿಕೆ ಆಯಿತು, ಆದರೂ ಹೇಳಿದೆ. ‘ಸುಮಾರು ಜನ ಇದನ್ನೇ ಹೇಳ್ತಾರೆ ಸರ್’ ಅಂದರು. ರಸ ಉಗುಳುತ್ತೀರೋ ನುಂಗುತ್ತೀರೋ? ದಿನದಲ್ಲಿ ಯಾವ ಚಿಟಿಕೆ ಬಿಡೋದು ಎಲ್ಲಕ್ಕಿಂತ ಕಷ್ಟ? ಮೈಯಲ್ಲಿ ಹುಷಾರಿಲ್ಲದಾಗಲೂ ಹಾಕುತ್ತೀರಾ? ಕೊನೆಗೆ, ದಿನಕ್ಕೆ ಎಷ್ಟು ಸಲ?

‘ಆರೇಳು ಸಲ’ ಅಂದೆ.

‘ಸರಿ ಸರ್. ಮೂರು ದಿನ ಏನೂ ಬಿಡಬೇಡಿ. ಹಾಕ್ಕೊಂಡಾಗೆಲ್ಲ ಒಂದು ಗೀಟು ಎಳೀರಿ. ಅಷ್ಟೇ.’

ಅದು ಸುಲಭದ ಕೆಲಸ. ಕಾಟಾದ ಹಳೇ ಸ್ಲಿಪ್ಪಿನ ಹಿಂದೆ ಗೀಟು ಎಳೆಯಲು ಶುರು ಮಾಡಿದೆ. ಮೊದಲ ದಿನ 19. ಎರಡನೇ ದಿನ 22. ಮೂರನೇ ದಿನ ಸ್ವಲ್ಪ ಕೈ ಬಿಗಿ ಮಾಡಿ 17. ಮೂರೂ ಸ್ಲಿಪ್ಪು ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆ. ಹದಿನೆಂಟು ವರ್ಷದಿಂದ ಖಾಲಿ ಗಾಡಿ ತೂಕ ಬರೆದುಕೊಂಡು ತುಂಬಿದ ಗಾಡಿ ಒಳಗೆ ಬಿಟ್ಟ ಹಾಗಾಗಿತ್ತು. ಇಂಥ ತಪ್ಪನ್ನು ನಾನು ರೈತನಿಗೆ ಮಾಡಿದ್ದರೆ ನೌಕರಿ ಹೋಗುತ್ತಿತ್ತು.

ಇಲ್ಲಿ ನನಗೆ ಒಂದು ಕುತೂಹಲ ಹುಟ್ಟಿತು. ನನ್ನಂಥವರು ಹೀಗೆ ಸುಳ್ಳು ಹೇಳಿದರೆ ಸರಕಾರ ದೇಶದಲ್ಲಿ ಎಷ್ಟು ಜನ ತಂಬಾಕು ಬಳಸುತ್ತಾರೆ ಅಂತ ಹೆಂಗೆ ಅಳೆಯುತ್ತದೆ? ಹುಡುಕಿ ಓದಿದೆ. ಗ್ಲೋಬಲ್ ಅಡಲ್ಟ್ ಟೊಬ್ಯಾಕೋ ಸರ್ವೇ, ಗ್ಯಾಟ್ಸ್ ಅಂತಾರೆ. ನಮ್ಮ ದೇಶದಲ್ಲಿ 2009-10ರಲ್ಲಿ ಒಮ್ಮೆ, 2016-17ರಲ್ಲಿ ಇನ್ನೊಮ್ಮೆ ಮಾಡಿದರು. ಎರಡನೇ ಸಲ ಮಾಡಿದ್ದು ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಮಾತಾಡಿಸಿದ್ದು 74,037 ಜನರನ್ನು. ಮನೆಗೆ ಬರುತ್ತಾರೆ, ಮನೆಯಲ್ಲಿರುವ 15 ವರ್ಷ ದಾಟಿದವರಲ್ಲಿ ಒಬ್ಬರನ್ನು ಕೈಲಿರುವ ಯಂತ್ರವೇ ಆರಿಸುತ್ತದೆ. ಬಾಯಿಬಡುಕ ಗಂಡಸೇ ಮುಂದೆ ಬಂದು ಎಲ್ಲರ ಪರವಾಗಿ ಹೇಳುವ ಹಾಗಿಲ್ಲ. ಮೊದಲ ಪ್ರಶ್ನೆಯನ್ನೂ ಜಾಣತನದಿಂದ ಇಟ್ಟಿದ್ದಾರೆ. ದಿನಾ ಬಳಸುತ್ತೀರಾ, ಆಗೊಮ್ಮೆ ಈಗೊಮ್ಮೆಯಾ, ಇಲ್ಲವೇ ಇಲ್ಲವಾ? ಇದಕ್ಕೆ ನಾನೂ ಸುಳ್ಳು ಹೇಳುತ್ತಿರಲಿಲ್ಲ. ‘ಎಷ್ಟು’ ಅಂದರೆ ಮಾತ್ರ ನನ್ನ ನಾಲಿಗೆ ತೂಕ ತಪ್ಪುತ್ತದೆ.

ಲೆಕ್ಕ ಇಷ್ಟು. ದೇಶದಲ್ಲಿ ತಂಬಾಕು ಬಳಸುವ ದೊಡ್ಡವರು 34.6ರಿಂದ 28.6 ಪರ್ಸೆಂಟಿಗೆ ಇಳಿದರು. ಕರ್ನಾಟಕದಲ್ಲಿ 28.2 ಇದ್ದದ್ದು 22.8 ಆಯಿತು. ನಮ್ಮ ರಾಜ್ಯದಲ್ಲಿ ಸೇದುವವರು 8.8, ಬಾಯಿಗೆ ಹಾಕುವವರು 16.3. ಅಂದರೆ ನಮ್ಮ ಪೈಕಿ ಜನ ಹೆಚ್ಚುಕಮ್ಮಿ ಇಮ್ಮಡಿ. ಆದರೂ ಸಿನೆಮಾ ಥೇಟರಿನಿಂದ ಬಸ್ ಸ್ಟ್ಯಾಂಡಿನವರೆಗೆ ಎಲ್ಲ ಬೋರ್ಡಿನ ಮೇಲೂ ಸಿಗರೇಟಿನ ಚಿತ್ರಕ್ಕೇ ಅಡ್ಡಗೀಟು. ಅದನ್ನು ನೋಡಿ ನಾನು ಅದೆಷ್ಟು ಸಲ ‘ನಮ್ಮದಲ್ಲ ಬಿಡು’ ಅಂದುಕೊಂಡು ಅಲ್ಲೇ ನಿಂತು ತಿಕ್ಕಿದ್ದೇನೆ.

ಮತ್ತೆ ನಂಬರಿನ ವಿಷಯಕ್ಕೆ ಬರುತ್ತೇನೆ. ಮೂರು ದಿನ ಆದ ಮೇಲೆ ನಾನೇ ಫೋನ್ ಮಾಡಿದೆ. ಬಿಡುವ ದಿನ ನೀವೇ ಆರಿಸಿ ಅಂದರು. ಗಣಪತಿ ಕಳಿಸಿದ ಮರುದಿನ ಅಂದೆ. ಆವತ್ತು ಮನೆಯಲ್ಲಿರುವ ತಂಬಾಕಿನ ಚೀಟು (ಸಣ್ಣ ಪಾಕೀಟು), ಸುಣ್ಣದ ಡಬ್ಬಿ, ಶರ್ಟಿನ ಕಿಸೆ, ಗಾಡಿಯ ಡಿಕ್ಕಿ ಎಲ್ಲ ಖಾಲಿ ಮಾಡಬೇಕು. ತಲಬು ಬಂದರೆ ಐದು ನಿಮಿಷ ತಳ್ಳಬೇಕು, ನೀರು ಕುಡಿಯಬೇಕು, ಉದ್ದ ಉಸಿರು ತಗೋಬೇಕು, ಎದ್ದು ಬೇರೆ ಕೆಲಸ ಹಿಡೀಬೇಕು. ಕೇಳಿದರೆ ಪ್ರಾಥಮಿಕ ಶಾಲೆಯ ಪಾಠದ ಹಾಗಿದೆ. ಆದರೆ ಐದು ನಿಮಿಷಕ್ಕೆ ತಲಬು ಇಳಿಯುತ್ತದೆ ಅನ್ನುವುದು ಹದಿನೆಂಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ಅದನ್ನು ಕಾಯಿಸಿದ್ದು ಯಾವಾಗ?

ಆಮೇಲೆ ಅವರೇ ಫೋನ್ ಮಾಡುತ್ತಾರೆ. ಇದು ನಾನು ನಿರೀಕ್ಷೆ ಮಾಡಿರಲಿಲ್ಲ. ಬಿಡುವ ದಿನದ ಹತ್ತಿರ ಬಂತು, ವಾರದ ಮೇಲೆ ಬಂತು, ತಿಂಗಳ ಮೇಲೆ ಬಂತು. ಯಾರೋ ನನ್ನ ಲೆಕ್ಕ ಇಟ್ಟಿದ್ದಾರೆ ಅಂದರೆ ಸುಳ್ಳು ಹೇಳುವುದು ಕಷ್ಟ. ಇಷ್ಟು ತಿಳಿದಿರಲಿ: ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ಸೋಮವಾರ ರಜೆ. ರಾತ್ರಿ ಪಾಳಿಯವರು ಹಗಲೇ ಮಾತಾಡಿ ಮುಗಿಸಿಕೊಳ್ಳಬೇಕು. ಈ ಸೇವೆಗೆ ನನ್ನಿಂದ ಐದಕ್ಕೆ ನಾಲ್ಕೂವರೆ ಅಂಕ. ಉಳಿದ ಅರ್ಧ ಯಾಕೆ ಇಟ್ಟುಕೊಂಡೆ ಅಂದರೆ, ಕಾಟಾದವನು ಯಾರಿಗೂ ಪೂರ್ತಿ ಕೊಡುವುದಿಲ್ಲ, ಅಭ್ಯಾಸ.

ಇನ್ನು ಗಮ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದರೆ ಮೊದಲ ದಿನ ನಾನು ಸತ್ತೇ ಹೋದೆ ಅಂದುಕೊಂಡೆ.

2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಅಂತ ಎರಡು ಥರ ಇರುತ್ತದೆ. 2 ಅನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುತ್ತಾರೆ. ನಾನು ಕೇಳಿದ್ದು 2. ಒಂದು ಅಂಗಡಿಯ ಹುಡುಗ 4 ಕೊಟ್ಟ. ‘ಎರಡೂ ಒಂದ ರೀ’ ಅಂದ. ನಾನು ಅದನ್ನು ಚಿಕ್ಕಂದಿನ ಬಬಲ್ ಗಮ್ ಹಾಗೆ ಗಬಗಬ ಜಗಿದೆ. ಮೂರನೇ ನಿಮಿಷಕ್ಕೆ ಗಂಟಲಲ್ಲಿ ಮೆಣಸಿನಕಾಯಿ ಉರಿ, ಹೊಟ್ಟೆ ತೊಳಸು, ಆಮೇಲೆ ಬಿಕ್ಕಳಿಕೆ. ಒಂದು ತಾಸು ಬಿಕ್ಕಳಿಕೆ! ಹೆಂಡತಿ ನೀರು ಕೊಟ್ಟಳು, ಸಕ್ಕರೆ ಕೊಟ್ಟಳು, ಬೆನ್ನಿಗೆ ಗುದ್ದಿದಳು. ‘ಇದಕಿಂತ ತಂಬಾಕ ಛಲೋ ಇತ್ತಲ್ರೀ’ ಅಂದಳು.

ಮರುದಿನ ಫೋನಿನಲ್ಲಿ ಆ ತಂಗಿ ನಕ್ಕರು. ಗಮ್ ಜಗಿಯುವುದಲ್ಲವಂತೆ, ಇಡುವುದಂತೆ. ನಾಕೈದು ಸಲ ನಿಧಾನ ಜಗಿಯಬೇಕು. ನಾಲಿಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ನಾಕು ಸಲ ಜಗಿದು, ಬೇರೆ ಕಡೆ ಇಡಬೇಕು. ಹೀಗೆ ಅರ್ಧ ತಾಸು. ಜೊಲ್ಲು ಜಾಸ್ತಿ ನುಂಗಬಾರದು, ನುಂಗಿದರೆ ಬಿಕ್ಕಳಿಕೆ. ಗಮ್ ಹಾಕುವ ಹದಿನೈದು ನಿಮಿಷ ಮೊದಲು ಚಹಾ, ಕಾಫಿ, ಹುಳಿ ಪಾನಕ ಕುಡಿಯಬಾರದು, ಕುಡಿದರೆ ಬಾಯಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ ಬಾಯಲ್ಲಿದ್ದಾಗ ತಂಬಾಕು ಅಂತೂ ಮುಟ್ಟಲೇಬಾರದು. ಎದೆ ಹೊಡೆದುಕೊಳ್ಳುವುದು, ಬಸುರಿತನ, ಹೃದಯದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಹಾಕಬೇಕು.

ಒತ್ತಿಡುವುದರಲ್ಲಿ ನಾವು ತಂಬಾಕಿನವರು ಉಸ್ತಾದರು, ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಅಲ್ಲೇ ಒಂದು ತೊಡಕು. ನನ್ನ ನಾಲಿಗೆ ತಾನಾಗಿಯೇ ಗಮ್ಮನ್ನು ಕೆಳತುಟಿಯ ಅದೇ ಬೆಳ್ಳಗಾದ ಜಾಗಕ್ಕೆ ತಳ್ಳುತ್ತಿತ್ತು. ಹದಿನೆಂಟು ವರ್ಷದ ದಾರಿ. ಎರಡು ವಾರ ಬೇಕಾಯಿತು ಎಡಗೆನ್ನೆಗೆ ಒಗ್ಗಿಸಲು. ಮತ್ತೆ ರುಚಿ. ಪುದೀನ ಅಂತ ಬರೆದಿರುತ್ತದೆ. ಪುದೀನ ಎರಡು ನಿಮಿಷ, ಆಮೇಲೆ ಸೈಕಲ್ ಟ್ಯೂಬು.

ದುಡ್ಡಿನ ಲೆಕ್ಕ ಕೇಳಿ. ಹತ್ತರ ಒಂದು ಪಟ್ಟಿಗೆ ನಾನು ಕೊಟ್ಟದ್ದು ನೂರರ ಆಸುಪಾಸು. ಮೊದಲ ವಾರ ದಿನಕ್ಕೆ ಎಂಟು ಗಮ್, ಅಂದರೆ ಎಂಬತ್ತು ರೂಪಾಯಿ. ತಂಬಾಕಿಗೆ ನಾನು ಖರ್ಚು ಮಾಡುತ್ತಿದ್ದದ್ದು ದಿನಕ್ಕೆ ಎರಡು ಚೀಟು, ಸುಣ್ಣ ಸೇರಿ ಇಪ್ಪತ್ತೈದು. ‘ತಂಬಾಕು ಬಿಟ್ಟರೆ ದುಡ್ಡು ಉಳಿಯುತ್ತದೆ’ ಅನ್ನುವುದು ಮೊದಲ ತಿಂಗಳಿಗೆ ಶುದ್ಧ ಸುಳ್ಳು. ಮೂರನೇ ವಾರಕ್ಕೆ ನಾಕಕ್ಕೆ ಇಳಿದೆ, ಎರಡನೇ ತಿಂಗಳಿಗೆ ಎರಡು. ಹನ್ನೆರಡು ವಾರಕ್ಕೆ ನಿಲ್ಲಿಸಿದೆ. ಕಬ್ಬು ಕಡಿಯಲು ಬರುವ ಗ್ಯಾಂಗಿನವರಿಗೆ ಎಂಬತ್ತು ರೂಪಾಯಿಯ ಗಮ್ ತಗೋ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ತಂಬಾಕು ಅಗ್ಗ, ಬಿಡುವ ಔಷಧಿ ತುಟ್ಟಿ. ತಂಬಾಕಿನ ಬೆಲೆಯಲ್ಲಿ ಮುಕ್ಕಾಲು ಪಾಲು ತೆರಿಗೆಯೇ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತು ರೂಪಾಯಿಯ ಚೀಟು ನೋಡಿದರೆ ಅದು ಇನ್ನೂ ದೂರದ ಮಾತು. ಗಮ್ಮಿಗೆ ಐದಕ್ಕೆ ಮೂರು. ಒಂದು ಹೋಗಿದ್ದು ಬೆಲೆಗೆ, ಇನ್ನೊಂದು ಟ್ಯೂಬಿನ ರುಚಿಗೆ.

ಗಮ್ ಹಾಕಿದರೂ ಮೊದಲ ಮೂರು ದಿನ ನಾನು ಮನುಷ್ಯನಾಗಿರಲಿಲ್ಲ. ಮಗ ಪೆನ್ಸಿಲ್ ಕೇಳಿದರೆ ಗದರಿದೆ. ನಿದ್ದೆ ಇಲ್ಲ, ಸಂಡಾಸು ಇಲ್ಲ, ಬಾಯಿ ಸುಮ್ನಿರುವುದಿಲ್ಲ. ಹುರಿದ ಶೇಂಗಾ ತಿಂದು ತಿಂದು ಎರಡು ಕಿಲೋ ತೂಕ ಹೆಚ್ಚಾಯಿತು. ಬೇರೆ ಕಾಟಾ ಯಾಕೆ, ನಮ್ಮ ಕಾಟಾದ ಮೇಲೇ ನಿಂತು ನೋಡಿದೆ. ಅದು ಹತ್ತು ಕಿಲೋಕ್ಕಿಂತ ಕಮ್ಮಿ ತೋರಿಸುವುದಿಲ್ಲ ಅನ್ನುವುದು ಬೇರೆ ಮಾತು, ಎರಡು ಕಿಲೋ ಗೊತ್ತಾಗಿದ್ದು ಪ್ಯಾಂಟಿನ ಹುಕ್ಕಿನಲ್ಲಿ.

ಎಡವಿದ್ದು ನವೆಂಬರಿನಲ್ಲಿ. ಹಂಗಾಮಿನ ಎರಡನೇ ವಾರ, ರಾತ್ರಿ ಪಾಳಿ, ಬೆಳಗಿನ ಜಾವ ಮೂರು. ಹೊರಗೆ ಗಾಡಿಗಳ ಸಾಲು. ಹಳೇ ಪರಿಚಯದ ಡ್ರೈವರ್ ಅಣ್ಣ ಕಿಟಕಿಯಲ್ಲಿ ಕೈ ಚಾಚಿ, ತಿಕ್ಕಿ ಸಿದ್ಧ ಮಾಡಿದ್ದನ್ನು ಅಂಗೈಯಲ್ಲಿ ಹಿಡಿದ. ‘ತಗೋರಿ ಸಾಹೇಬ್ರ, ನಿದ್ದಿ ಹೋಗತೈತಿ.’ ಆ ಹಸೀ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ತಗೊಂಡೆ. ಹಾಕಿದ ಎರಡೇ ನಿಮಿಷಕ್ಕೆ ತಲೆ ಗಿರ್ ಅಂತು, ಉಗುಳಿ ಬಂದು ಮುಖ ತೊಳೆದೆ. ಸ್ಲಿಪ್ಪಿನ ಹಿಂದೆ ಒಂದು ಗೀಟು ಎಳೆದೆ. ಬೆಳಿಗ್ಗೆ 8ಕ್ಕೆ ಫೋನ್ ಮಾಡಿ ಹೇಳಿದೆ. ‘ಒಂದೇ ತಾನೇ ಸರ್, ಮತ್ತೆ ಶುರು ಮಾಡಿಲ್ವಲ್ಲ’ ಅಂದರು. ಅಂದಿನಿಂದ ಇವತ್ತಿನವರೆಗೆ ಇನ್ನೊಂದು ಗೀಟು ಬಿದ್ದಿಲ್ಲ.

ಈಗ ನನ್ನ ತಕರಾರು. ಇದು ಆ ಸೇವೆಯ ಮೇಲಲ್ಲ, ನಂಬರು ಇಟ್ಟಿರುವ ಜಾಗದ ಮೇಲೆ. ಪಾಕೀಟಿನ ಮೇಲೆ ನಂಬರು ಹಾಕಲು ಶುರು ಮಾಡಿದ್ದು 2018ರ ಸೆಪ್ಟೆಂಬರಿನಿಂದ. ಅಂದರೆ ಏಳು ವರ್ಷ ಅದು ನನ್ನ ಕಿಸೆಯಲ್ಲೇ ಇತ್ತು! ಕಾಣಲಿಲ್ಲ ಯಾಕೆ? ಸಿಗರೇಟ್ ಪಾಕೀಟು ಗಟ್ಟಿ, ಅಗಲ, ಮೇಜಿನ ಮೇಲೆ ನಿಲ್ಲುತ್ತದೆ. ನಮ್ಮ ಚೀಟು ಎರಡು ಬೆರಳು ಅಗಲ. ಮೂಲೆ ಹರಿದರೆ ನಂಬರಿನ ತುದಿಯೂ ಹೋಗುತ್ತದೆ, ಕಿಸೆಯಲ್ಲಿ ಮುದ್ದೆಯಾಗುತ್ತದೆ. ಮೇಲಿನ ಎಚ್ಚರಿಕೆಯ ಚಿತ್ರ ಪಾಕೀಟಿನ 85 ಪರ್ಸೆಂಟ್ ಇರಬೇಕು ಅನ್ನುವ ನಿಯಮ 2016ರ ಏಪ್ರಿಲಿನಿಂದ ಇದೆ. ನಮ್ಮದೇ ರಾಜ್ಯದ ಹೈಕೋರ್ಟು 2017ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿತ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ಉಳಿಯಿತು. ಗ್ಯಾಟ್ಸ್‌ನಲ್ಲಿ ಚಿತ್ರ ನೋಡಿ ಬಿಡಬೇಕು ಅನ್ನಿಸಿತಾ ಅಂತ ಕೇಳಿದ್ದಾರೆ. 2016-17ರಲ್ಲಿ ಹೌದು ಅಂದವರು ಸಿಗರೇಟಿನವರಲ್ಲಿ 61.9, ಬೀಡಿಯವರಲ್ಲಿ 53.8, ನಮ್ಮವರಲ್ಲಿ 46.2. ಏಳು ವರ್ಷದ ಹಿಂದೆ ನಮ್ಮವರದು 33.8 ಇತ್ತು, ಅಂದರೆ ಚಿತ್ರಕ್ಕೆ ಕೆಲಸ ಆಗಿದೆ. ಆದರೆ ಸಿಗರೇಟಿನಷ್ಟು ಇಲ್ಲ. ಎರಡು ಬೆರಳಿನ ಚೀಟು ಅಂತಲೇ ಇರಬೇಕು ಅನ್ನುವುದು ನನ್ನ ಅಂದಾಜು.

ಗುಟಕಾ ಗತಿ ಇನ್ನೂ ಮಜಾ. 2013ರಲ್ಲಿ ನಮ್ಮ ರಾಜ್ಯದಲ್ಲಿ ಬಂದಾಯಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡೂ ಒಟ್ಟಿಗೆ ಕೊಡಲು ಶುರು ಮಾಡಿದರು. ನಾವು ಅಂಗಡಿ ಮುಂದೆ ನಿಂತು ಒಂದರೊಳಗೊಂದು ಸುರುವಿ ಅಲ್ಲಾಡಿಸುತ್ತಿದ್ದೆವು. ಗುಟಕಾ ಬಂದಾಗಿತ್ತು, ಗುಟಕಾ ತಯಾರಿ ಗಿರಾಕಿಯ ಕೈಗೆ ಬಂದಿತ್ತು. 2025ರಲ್ಲಿ ರಾಜ್ಯದ ಹೊಸ ಕಾಯ್ದೆ ಬಂತು, 21 ವರ್ಷದೊಳಗಿನವರಿಗೆ ಮಾರುವ ಹಾಗಿಲ್ಲ, ಸಾರ್ವಜನಿಕ ಜಾಗದ ದಂಡ 200ರಿಂದ 1000ಕ್ಕೆ ಏರಿತು. ಅಂಗಡಿಗಳಲ್ಲಿ ಬೋರ್ಡು ಬದಲಾಗಿದ್ದು ಕಂಡಿದ್ದೇನೆ. ಒಬ್ಬ ಹುಡುಗನನ್ನು ವಯಸ್ಸು ಕೇಳಿದ್ದನ್ನು ಇನ್ನೂ ಕಂಡಿಲ್ಲ.

ಇಷ್ಟೆಲ್ಲ ಅಳತೆ ಮಾಡುವಾಗ ನಮ್ಮ ಮನೆಯಲ್ಲೇ ಒಂದು ಲೆಕ್ಕ ತಪ್ಪಿತ್ತು. ಅವ್ವ. ವಯಸ್ಸು ಅರವತ್ತೆಂಟು. ಸಂತೆಯಲ್ಲಿ ಬಿಡಿ ತಂಬಾಕು ತಂದು, ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾಳೆ. ಅದಕ್ಕೆ ಪಾಕೀಟೂ ಇಲ್ಲ, ಚಿತ್ರವೂ ಇಲ್ಲ, ನಂಬರೂ ಇಲ್ಲ. ಒಂದು ಸಲ ಆಶಾ ಅಕ್ಕ ಬಿ.ಪಿ., ಶುಗರ್ ತಪಾಸಣೆಯ ಫಾರ್ಮು ತಂದಿದ್ದರು. ಅದರಲ್ಲಿ ತಂಬಾಕಿಗೂ ಅಂಕ ಇದೆ. ಎಂದೂ ಇಲ್ಲ ಅಂದರೆ ಸೊನ್ನೆ, ಮೊದಲು ಇತ್ತು ಅಥವಾ ಒಮ್ಮೊಮ್ಮೆ ಅಂದರೆ ಒಂದು, ದಿನಾ ಅಂದರೆ ಎರಡು. ‘ಯವ್ವಾ, ತಂಬಾಕ ತಿಂತೀರೇನು?’ ಅಂತ ಕೇಳಿದರು. ‘ಏ ಇಲ್ಲವ್ವಾ, ನಾ ಯಾಕ ತಿನ್ನಲಿ’ ಅಂದಳು ಅವ್ವ. ಸೊನ್ನೆ ಬಿತ್ತು. ಅವ್ವ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ತಿನ್ನುವುದು ಬೇರೆ, ತಿಕ್ಕುವುದು ಬೇರೆ. ಗ್ಯಾಟ್ಸ್‌ನವರು ಇದಕ್ಕೇ ಮಿಶ್ರಿ, ಗುಲ್, ನಶ್ಯ ಅಂತ ಒಂದೊಂದರ ಹೆಸರು ಹಿಡಿದು ಕೇಳುತ್ತಾರೆ ಅಂತ ಓದಿದಾಗ ನನಗೆ ಅವ್ವನೇ ನೆನಪಾದಳು.

ಮೊನ್ನೆ ಸಂಕ್ರಾಂತಿಗೆ ಎರಡು ದಿನ ಇರುವಾಗ ಫೋನ್ ಬಂತು. ನಾಕು ತಿಂಗಳ ವಿಚಾರಣೆ. ನಾನು ಎಲ್ಲ ಹೇಳಿ ಮುಗಿಸಿದೆ. ಅವ್ವ ಎಳ್ಳು ಹಸನ ಮಾಡುತ್ತ ಪಕ್ಕದಲ್ಲೇ ಕೂತಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಇಟ್ಟೆ.

‘ಪುಡಿ ಹಲ್ಲಿಗೆ ತಿಕ್ಕಿದ್ರ ಅದೂ ಲೆಕ್ಕಕ್ಕ ಬರತೈತೇನವಾ?’ ಅಂತ ಕೇಳಿದಳು ಅವ್ವ.

‘ಬರುತ್ತೆ ಅಜ್ಜಿ. ದಿನಕ್ಕೆ ಎಷ್ಟು ಸಲ ತಿಕ್ತೀರಾ?’

ಅವ್ವ ಎಳ್ಳಿನ ಮೊರ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

‘ಎರಡ ಸಲ’ ಅಂದಳು.

ಬೆಳಗಿನಿಂದ ನಾನು ಎಣಿಸಿದ್ದೆ, ಆಗಲೇ ನಾಕು ಆಗಿತ್ತು. ಎದ್ದು ಹೋಗಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಒಂದು ಹಳೇ ಸ್ಲಿಪ್ಪು, ಮಗನ ಪೆನ್ಸಿಲ್ಲು ತಂದು ಅವಳ ಮುಂದೆ ಇಟ್ಟೆ.